ಅಯ್ಯನವರಿಲ್ಲದ ಅಂತ್ಯಕ್ರಿಯೆ: ನಮ್ಮವರನ್ನು ನಾವೇ ಬೀಳ್ಕೊಡುವ ಬಗೆ

ಮಂತ್ರ, ಪೂಜೆ, ಅಯ್ಯನವರ (ಕಾರ್ಯ ಮಾಡಿಸುವ ಜಂಗಮರ) ಪಾದ ಯಾವುದೂ ಇಲ್ಲದೆ ಒಬ್ಬರನ್ನು ಮಣ್ಣು ಮಾಡಬೇಕು ಎಂದು ಗಟ್ಟಿ ಮನಸ್ಸು ಮಾಡಿದವರಿಗೆ ನಾನು ಮೊದಲು ಹೇಳುವ ಮಾತು ಇದು: ಏನೇನು ಬಿಡಬೇಕು ಅನ್ನುವ ಯಾದಿ ಸಾಕು, ಆ ಜಾಗದಲ್ಲಿ ಏನಿಡುತ್ತೀರಿ ಹೇಳಿ. ಸಾವಿನ ಮನೆಗೆ ಬಂದವರ ಕೈಗೆ ಕೆಲಸ ಬೇಕು. ಅತ್ತೆಗೆ ಆರತಿ ತಟ್ಟೆ, ಅಳಿಯನಿಗೆ ಕಟ್ಟಿಗೆ ತರುವುದು, ಓಣಿಯ ಹುಡುಗರಿಗೆ ಚಟ್ಟ ಕಟ್ಟುವುದು, ಭಜನಿ ಮೇಳದವರಿಗೆ ರಾತ್ರಿಯೆಲ್ಲ ಹಾಡುವುದು. ಹಳೆಯ ವಿಧಿಗಳು ಎಲ್ಲರಿಗೂ ಒಂದೊಂದು ಕೆಲಸ ಹಂಚಿ ಕೊಟ್ಟಿವೆ. ಅವನ್ನು ತೆಗೆದು ಖಾಲಿ ಬಿಟ್ಟರೆ ಬಂದವರು ಗೋಡೆಗೆ ಒರಗಿ ಸುಮ್ಮನೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಯಾರೋ ಹಿರಿಯರು ‘ಹಿಂಗ ಹೆಂಗ ಬಿಡೂದು?’ ಅನ್ನುತ್ತಾರೆ. ಅಲ್ಲಿಂದ ಅಯ್ಯನವರಿಗೆ ಫೋನ್ ಹೋಗಲು ಬಹಳ ಹೊತ್ತು ಬೇಕಾಗುವುದಿಲ್ಲ.

ನಾನು ಕಲಬುರಗಿಯಲ್ಲಿ ಸರಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ನಮ್ಮಪ್ಪ ಶಹಾಬಜಾರದಲ್ಲಿ ದರ್ಜಿಯಾಗಿದ್ದರು. ದೇವರ ಗೊಡವೆ ಬೇಡ ಅಂದವರು, ಹಾಗೆಯೇ ಬದುಕಿದರು, ಹಾಗೆಯೇ ಹೋದರು. ಅವರ ಕಾರ್ಯ ನೋಡಿದವರು ಆಮೇಲೆ ತಮ್ಮ ಮನೆಯಲ್ಲಿ ಸಾವಾದಾಗ ನನ್ನನ್ನು ಕರೆಯತೊಡಗಿದರು. ಆಳಂದದ ಹಳ್ಳಿ, ಭಾಲ್ಕಿ, ಶಹಾಪುರ, ಸೇಡಂ, ಕರೆದಲ್ಲಿಗೆ ಹೋಗಿದ್ದೇನೆ. ಮದುವೆಗಾದರೆ ಕುವೆಂಪು ಅವರು ಹಾಕಿಕೊಟ್ಟ ಮಂತ್ರಮಾಂಗಲ್ಯ ಇದೆ, ಹಿಡಿದು ಓದಿದರೆ ಆಯಿತು. ಸಾವಿಗೆ ನಾವೇ ಬರೆದುಕೊಳ್ಳಬೇಕು.

ಬದುಕಿದ್ದಾಗ ಕೇಳಿ, ಬರೆಸಿ

ಈ ಮಾತು ತೆಗೆಯುವುದು ಕಷ್ಟ, ಗೊತ್ತು. ಆದರೂ ತೆಗೆಯಿರಿ. ಸುಡುವುದೋ, ಹೂಳುವುದೋ, ದೇಹದಾನವೋ? ಯಾವ ಊರಲ್ಲಿ? ಯಾರು ಮಾತಾಡಬೇಕು, ಯಾವ ಹಾಡು ಬೇಕು, ಯಾವುದು ಖಂಡಿತ ಬೇಡ? ಒಂದು ಹಾಳೆಯಲ್ಲಿ ಅವರ ಕೈಯಿಂದಲೇ ಬರೆಸಿ, ತಾರೀಖು ಹಾಕಿ ಸಹಿ ಮಾಡಿಸಿ, ಇಬ್ಬರು ಸಾಕ್ಷಿಗಳ ಸಹಿಯೂ ಇರಲಿ. ಒಬ್ಬ ಸಾಕ್ಷಿ ಮನೆಯ ಹೊರಗಿನವರಾದರೆ ಒಳ್ಳೆಯದು. ಅಕ್ಷರ ಬಾರದವರಿದ್ದರೆ ಮೊಬೈಲ್‌ನಲ್ಲಿ ಅವರ ಮಾತೇ ರೆಕಾರ್ಡ್ ಮಾಡಿಕೊಳ್ಳಿ. ಸಾವಿನ ಮನೆಯಲ್ಲಿ ತಕರಾರು ಎದ್ದಾಗ ಆ ದನಿ ಕೇಳಿಸಿದರೆ ಬಹಳ ಜನ ಸುಮ್ಮನಾಗುತ್ತಾರೆ.

ಸತ್ತ ಮೇಲೆ ದೇಹ ಇರುವುದು ಮನೆಯವರ ಕೈಯಲ್ಲಿ. ಹಾಳೆ ಎಷ್ಟೇ ಗಟ್ಟಿಯಾಗಿದ್ದರೂ ಮನೆಯವರು ಒಲ್ಲೆವೆಂದರೆ ನಡೆಯುವುದು ಕಷ್ಟ. ಅದಕ್ಕೇ ಹಾಳೆಯನ್ನು ಟ್ರಂಕಿನಲ್ಲಿ ಮುಚ್ಚಿಡಬೇಡಿ. ಅಣ್ಣತಮ್ಮಂದಿರು, ಸೊಸೆ, ಅಳಿಯ ಎಲ್ಲರ ಮುಂದೆ ಒಮ್ಮೆ ಓದಿಸಿ. ಅಪ್ಪ ದಸರಾ ಹಬ್ಬಕ್ಕೆ ಎಲ್ಲರೂ ಕೂಡಿದಾಗ ಊಟ ಮುಗಿಸಿ ತಾವೇ ಓದಿದರು. ಅದರೊಳಗಿನ ಒಂದು ಸಾಲು: ‘ಮೊದಲು ಕಣ್ಣು ಕೊಡ್ರಿ. ಸೂಜಿಗಿ ದಾರ ಪೋಣಿಸಿದ ಕಣ್ಣವ, ಇನ್ನೊಬ್ಬರಿಗಿ ಬರಲಿ.’ ದೊಡ್ಡಪ್ಪ ಸಿಟ್ಟಾಗಿ ಎದ್ದು ಹೊರಗೆ ಹೋದರು. ಆದರೆ ಮುಂದೆ ಹೊತ್ತು ಬಂದಾಗ ‘ನಂಗ ಗೊತ್ತದ, ಅವ ಹೇಳಿದ್ದ’ ಅಂತ ಊರವರಿಗೆ ಹೇಳಿ ಸಮಾಧಾನ ಮಾಡಿದವರು ಅವರೇ.

ಮೊದಲ ತಾಸುಗಳು

ಇಲ್ಲಿ ಗಡಿಯಾರ ಮುಖ್ಯ, ಅಳುವವರು ಅಳಲಿ, ಒಬ್ಬರು ಮಾತ್ರ ತಲೆ ತಣ್ಣಗಿಟ್ಟುಕೊಂಡಿರಲಿ.

ಮನೆಯಲ್ಲಿ ಸಾವಾದರೆ ಉಪಚಾರ ಮಾಡುತ್ತಿದ್ದ ಡಾಕ್ಟರನ್ನು ಕರೆಸಿ ಮರಣದ ಕಾರಣ ಬರೆಸಿಕೊಳ್ಳಿ. ಆಸ್ಪತ್ರೆಯ ಸಾವಿಗೆ ನಮೂನೆ 4, ಮನೆಯ ಸಾವಿಗೆ 4ಎ. ಸ್ಮಶಾನ, ದೇಹದಾನ, ಮುಂದಿನ ಮರಣ ಪತ್ರ ಎಲ್ಲಕ್ಕೂ ಈ ಕಾಗದ ಬೇಕು. ಅಪಘಾತ, ಹಾವು ಕಡಿತ, ವಿಷ, ಆತ್ಮಹತ್ಯೆ ಇದ್ದರೆ ಪೊಲೀಸರಿಗೆ ತಿಳಿಸಲೇಬೇಕು, ಮರಣೋತ್ತರ ಪರೀಕ್ಷೆ ಆಗುತ್ತದೆ. ಹೊಲಗೆಲಸದ ನಮ್ಮ ಜನರಲ್ಲಿ ಹಾವು ಕಡಿದು ಹೋಗುವವರು ಈಗಲೂ ಇದ್ದಾರೆ. ತರಾತುರಿಯಲ್ಲಿ ಮಣ್ಣು ಮಾಡಿದರೆ ಪರಿಹಾರದ ಅರ್ಜಿಗೆ ಆಧಾರವೇ ಉಳಿಯುವುದಿಲ್ಲ.

ಕಣ್ಣು ಕೊಡುವುದಿದ್ದರೆ ಸತ್ತ 6 ತಾಸಿನೊಳಗೆ ತೆಗೆಯಬೇಕು. ಫ್ಯಾನ್ ಬಂದ್ ಮಾಡಿ, ತಲೆಯ ಕೆಳಗೆ ದಿಂಬಿಡಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ಹತ್ತಿರದ ನೇತ್ರ ಭಂಡಾರಕ್ಕೋ ಮೆಡಿಕಲ್ ಕಾಲೇಜಿಗೋ ಫೋನ್ ಮಾಡಿ. ಅವರೇ ಮನೆಗೆ ಬರುತ್ತಾರೆ. ಅರ್ಧ ತಾಸಿನೊಳಗೆ ಮುಗಿಯುತ್ತದೆ, ಮುಖ ಕೆಡುವುದಿಲ್ಲ. ವಯಸ್ಸಾಗಿದೆ, ಚಷ್ಮಾ ಇತ್ತು, ಮೋತಿಬಿಂದು ಆಪರೇಷನ್ ಆಗಿತ್ತು ಅಂತ ಹಿಂದೆ ಸರಿಯಬೇಡಿ. ಬೇಕಾಗಿರುವುದು ಮುಂದಿನ ಪಾರದರ್ಶಕ ಪಟಲ, ಕಾರ್ನಿಯಾ. ಮೋತಿಬಿಂದು ಅದರ ಹಿಂದಿನ ಮಸೂರದ ತೊಂದರೆ.

ದೇಹದಾನದ್ದು ಬೇರೆ ಲೆಕ್ಕ. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ಕಾಲೇಜು, ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲೂ ಸರಕಾರಿ ಮೆಡಿಕಲ್ ಕಾಲೇಜು ಇದೆ. ಬದುಕಿರುವಾಗಲೇ ಅಂಗರಚನಾ ವಿಭಾಗಕ್ಕೆ ಹೋಗಿ ಫಾರಂ ತಂದು ತುಂಬಿಸಿ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕೆಂದು ಬರೆದುಕೊಂಡು ಬನ್ನಿ. ಮರಣೋತ್ತರ ಪರೀಕ್ಷೆ ಆದ ದೇಹ, ಕೆಲವು ಸೋಂಕು ರೋಗದಿಂದ ಹೋದವರ ದೇಹ, ಕೆಡಲು ಶುರುವಾದ ದೇಹ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಎರಡನೆಯ ದಾರಿಯನ್ನೂ ಹಾಳೆಯಲ್ಲಿ ಬರೆಸಿಟ್ಟಿರಿ. ಕೊಟ್ಟ ಮೇಲೆ ಮನೆಯವರಿಗೆ ಬೂದಿಯೂ ಇಲ್ಲ, ಸಮಾಧಿಯೂ ಇಲ್ಲ. ಹೆಂಡತಿ ಮಕ್ಕಳು ಇದನ್ನು ಮುಂಚೆಯೇ ಮನಸ್ಸಿಗೆ ತಂದುಕೊಂಡಿರಬೇಕು. ಬೀಳ್ಕೊಡುವ ಕಾರ್ಯವನ್ನು ವಾಹನ ಬರುವ ಮೊದಲೇ ಮನೆಯ ಮುಂದೆ ಮುಗಿಸಿ.

ಇನ್ನೊಂದು ಸಂಗತಿ ನಮ್ಮ ಭಾಗದವರಿಗಾಗಿಯೇ. ಇಲ್ಲಿ ಬಹಳ ಮನೆಗಳಲ್ಲಿ ಸತ್ತವರನ್ನು ಗೋಡೆಗೆ ಕೂಡಿಸುವ ರೂಢಿ, ಹೂಳುವುದೂ ಕೂಡಿಸಿಯೇ. ಸತ್ತ ಎರಡು ಮೂರು ತಾಸಿಗೆ ಸ್ನಾಯು ಬಿಗಿಯಲು ಶುರುವಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಆಮೇಲೆ ಕೂಡಿಸಿದವರನ್ನು ಮಲಗಿಸುವುದಾಗಲಿ, ಮಲಗಿದವರನ್ನು ಕೂಡಿಸುವುದಾಗಲಿ ನೋಡಲಾಗದ ಎಳೆದಾಟ. ಹೇಗೆ ಇಡಬೇಕೆಂದು ಮೊದಲ ತಾಸಿನಲ್ಲೇ ಹೇಳಿಬಿಡಿ. ಓಣಿಯವರು ಪ್ರೀತಿಯಿಂದಲೇ ಬಂದು ಕೂಡಿಸಿಬಿಡುತ್ತಾರೆ. ಕುಣಿ ತೋಡುವವರಿಗೂ ಅದೇ ಹೊತ್ತಿಗೆ ಸುದ್ದಿ ಮುಟ್ಟಿಸಿ. ಕೂಡಿಸುವ ಕುಣಿಯ ಅಳತೆಯೇ ಬೇರೆ, ಮಲಗಿಸುವ ಕುಣಿ ಆರೂವರೆ ಅಡಿ ಉದ್ದ ಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ದಾಟುತ್ತದೆ. ಬೆಂಗಳೂರು, ಪುಣೆಯಿಂದ ಮಕ್ಕಳು ಬರಲು ರಾತ್ರಿಯೆಲ್ಲ ರೈಲಿನಲ್ಲಿ ಕೂರಬೇಕು. ಕಾಯುವುದಿದ್ದರೆ ಫ್ರೀಜರ್ ಬಾಕ್ಸ್ ತರಿಸಿ. ಕರೆಂಟ್ ಹೋದರೆ ಮನೆಯ ಇನ್ವರ್ಟರ್ ಅದನ್ನು ಬಹಳ ಹೊತ್ತು ಎಳೆಯುವುದಿಲ್ಲ, ಪೆಂಡಾಲಿನವರ ಹತ್ತಿರ ಜನರೇಟರ್ ಇದೆಯೇ ಕೇಳಿಟ್ಟುಕೊಳ್ಳಿ. ಕಾರ್ಯಕ್ರಮ ಬೆಳಗ್ಗೆ 9ರೊಳಗೆ, ಇಲ್ಲವೇ ಸಂಜೆ 5ರ ನಂತರ.

ಜಾಗ

ಊರಲ್ಲಿ ಒಂದೊಂದು ಸಮಾಜಕ್ಕೆ ಒಂದೊಂದು ರುದ್ರಭೂಮಿ. ಅಲ್ಲಿ ಕಮಿಟಿ ಇರುತ್ತದೆ, ‘ನಮ್ಮ ಪದ್ಧತಿ ಪ್ರಕಾರ ಆಗಬೇಕು’ ಅನ್ನುವವರೂ ಇರುತ್ತಾರೆ. ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮುಂಚೆಯೇ ಮಾತಾಡಿಟ್ಟುಕೊಳ್ಳಿ. ಒಪ್ಪದಿದ್ದರೆ ಪಾಲಿಕೆಯ ಸಾರ್ವಜನಿಕ ಸ್ಮಶಾನ ಇದೆ. ಪುರೋಹಿತರು ಇರಲೇಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ಸ್ವಂತ ಹೊಲದಲ್ಲಿ ಹೂಳುವುದಾದರೆ ಪಾಲಿನವರೆಲ್ಲರ ಒಪ್ಪಿಗೆ ಬರಹದಲ್ಲಿರಲಿ, ಬಾವಿ ಬೋರುಗಳಿಂದ ದೂರವಿರಲಿ. ಎರಿ ಭೂಮಿ ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಮಳೆಗಾಲದಲ್ಲಿ ಅಂಚು ಕುಸಿಯುತ್ತದೆ. ತೋಡುವವರಿಗೆ ಸಾಕಷ್ಟು ಹೊತ್ತು ಕೊಡಿ. ಸುಡುವುದಾದರೆ ಮೂರು ನಾಲ್ಕು ಕ್ವಿಂಟಲ್ ಕಟ್ಟಿಗೆ ಬೇಕು, ಮಳೆಗಾಲದಲ್ಲಿ ಒಣಗಿದ್ದು ಸಿಗುವುದೇ ಕಷ್ಟ.

ಸುದ್ದಿ ತಿಳಿಸುವಾಗ

ವಾಟ್ಸಾಪಿನಲ್ಲಿ ಕಳಿಸುವ ನಾಲ್ಕು ಸಾಲಿನಲ್ಲೇ ಎಲ್ಲ ಹೇಳಿಬಿಡಬೇಕು. ಬಂದ ಮೇಲೆ ಬಾಗಿಲಲ್ಲಿ ವಾದ ಬೇಡ. ನಾನು ಬರೆಯುವುದು ಹೀಗೆ:

‘ನಮ್ಮ ತಂದೆ ——— ಇಂದು ಬೆಳಗಿನ ಜಾವ ತೀರಿಕೊಂಡರು. ನಾಳೆ ಬೆಳಗ್ಗೆ 8ಕ್ಕೆ ಮನೆಯ ಮುಂದೆ ಅವರನ್ನು ನೆನೆದು, ಆಮೇಲೆ ಊರಿನ ಹೊಲದಲ್ಲಿ ಮಣ್ಣು ಮಾಡುತ್ತೇವೆ. ಅವರೇ ಬರೆದಿಟ್ಟಂತೆ ಪೂಜೆ ಇರುವುದಿಲ್ಲ. ಹಾರ, ಕಾಯಿ, ಕುಂಕುಮ ತರಬೇಡಿ, ಒಂದು ಬಿಡಿ ಹೂ ಸಾಕು. ಅವರು ಹೊಲಿದ ಬಟ್ಟೆ ನಿಮ್ಮ ಹತ್ತಿರ ಇದ್ದರೆ ಅದನ್ನೇ ಹಾಕಿಕೊಂಡು ಬನ್ನಿ. ಹೆಣ್ಣುಮಕ್ಕಳು, ಮಕ್ಕಳು ಎಲ್ಲರೂ ಮಣ್ಣಿಗೆ ಬರಬಹುದು.’

ಕೊನೆಯ ಸಾಲು ಮರೆಯಬೇಡಿ. ಬರೆದಿದ್ದರೆ ಬರುತ್ತಾರೆ. ಬರೆಯದಿದ್ದರೆ ಹೆಣ್ಣುಮಕ್ಕಳು ರೂಢಿಯಂತೆ ಹೊಸ್ತಿಲಲ್ಲೇ ಉಳಿಯುತ್ತಾರೆ.

ಕಾರ್ಯಕ್ರಮ ಕಟ್ಟುವುದು

ಒಟ್ಟು 40 ನಿಮಿಷ. ಅದಕ್ಕಿಂತ ಹೆಚ್ಚು ಬೇಡ, ವಯಸ್ಸಾದವರು ನೆಲದ ಮೇಲೆ ಕೂತಿರುತ್ತಾರೆ. ನಡೆಸಿಕೊಡುವವರು ಮಗನೋ ಮಗಳೋ ಆಗದಿದ್ದರೆ ಚಲೋ. ಅಪ್ಪನ ಕಾರ್ಯವನ್ನು ನನ್ನ ಸಹೋದ್ಯೋಗಿ ಶಿಕ್ಷಕರೊಬ್ಬರು ನಡೆಸಿದರು, ನಾನು ಅಳುವುದಕ್ಕೆ ಬಿಡುವು ಸಿಕ್ಕಿತು. ಮೈಕ್ ಸಣ್ಣದು ಸಾಕು, ಇರಲೇಬೇಕು.

ಶುರುವಿನಲ್ಲಿ ಎರಡು ನಿಮಿಷ, ಬಂದವರ ಮನಸ್ಸಿನ ಗಲಿಬಿಲಿ ಇಳಿಸಲು. ಹೀಗೆ ಓದಬಹುದು:

‘ಎಲ್ಲರಿಗೂ ಶರಣು. ತಮ್ಮ ಕೊನೆಯ ಕಾರ್ಯ ಹೇಗಾಗಬೇಕು ಅನ್ನುವುದನ್ನು ಅವರೇ ಬರೆದಿಟ್ಟಿದ್ದಾರೆ. ಆ ಮಾತು ನಾವು ನಡೆಸುತ್ತಿದ್ದೇವೆ. ನಿಮ್ಮ ನಂಬಿಕೆ ನಿಮಗಿರಲಿ, ಮನಸ್ಸಿನಲ್ಲಿ ಪ್ರಾರ್ಥಿಸುವವರು ಪ್ರಾರ್ಥಿಸಿರಿ. ಈಗ ಸ್ವಲ್ಪ ಹೊತ್ತು ಅವರ ಬದುಕಿನ ಮಾತಾಡೋಣ. ಆಮೇಲೆ ಎಲ್ಲರೂ ಸೇರಿ ಅವರನ್ನು ಹೊತ್ತುಕೊಂಡು ಹೋಗೋಣ.’

ಹಾಳೆ ಬರೆದಿಟ್ಟಿದ್ದರೆ ಅದನ್ನೂ ಓದಿ, ಇಡೀ ಓದಿ.

ನಂತರ ಜೀವನದ ಪರಿಚಯ, ಏಳೆಂಟು ನಿಮಿಷ. ಈ ಒಂದು ಭಾಗಕ್ಕೆ ನೀವು ಎಷ್ಟು ಶ್ರಮ ಹಾಕಿದರೂ ಕಡಿಮೆಯೇ. ‘ಸರಳ ಸಜ್ಜನ, ಅಜಾತಶತ್ರು’ ಅಂತ ಎಲ್ಲರಿಗೂ ಹಚ್ಚುವ ಮಾತು ಒಂದೂ ಬೇಡ. ರಾತ್ರಿ ಜಾಗರಣೆಗೆ ಕೂತ ಹಿರಿಯರ ಪಕ್ಕ ವಹಿ ಹಿಡಿದು ಕೂತುಬಿಡಿ, ಕೇಳಿ. ರಜಾಕಾರರ ಹಾವಳಿಯಲ್ಲಿ ಇವರ ಮನೆಯವರು ಎಲ್ಲಿ ಅಡಗಿದ್ದರು? 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿದ ನಂತರ ಊರಿಗೆ ಹೇಗೆ ಮರಳಿದರು? 1972ರ ಬರದಲ್ಲಿ ಏನು ತಿಂದರು, ಎಲ್ಲಿ ಕೂಲಿಗೆ ಹೋದರು? 1993ರಲ್ಲಿ ಕಿಲ್ಲಾರಿ ಭೂಕಂಪದ ನಸುಕಿನಲ್ಲಿ ಮನೆಯಿಂದ ಯಾರನ್ನು ಎತ್ತಿಕೊಂಡು ಹೊರಗೆ ಓಡಿದರು? ಮೊದಲ ಪಗಾರದಲ್ಲಿ ಏನು ತಂದರು? ಯಾರ ಜೊತೆ ಮಾತು ಬಿಟ್ಟಿದ್ದರು, ಯಾಕೆ? ಕೊನೆಯದನ್ನು ಓದಬೇಕಿಲ್ಲ, ಆದರೆ ಗೊತ್ತಿದ್ದರೆ ಯಾರನ್ನು ಮುಂದೆ ಕರೆದು ಕೂಡಿಸಬೇಕೆಂದು ತಿಳಿಯುತ್ತದೆ.

ಅವರ ಕೆಲಸದ ವಸ್ತು ಒಂದು ಮುಂದಿರಲಿ. ಫೋಟೋಕ್ಕಿಂತ ಅದು ಹೆಚ್ಚು ಮಾತಾಡುತ್ತದೆ. ಅಪ್ಪನ ಅಂಗಡಿಯಲ್ಲಿ ಅಳತೆ ಬರೆಯುವ ವಹಿಗಳಿದ್ದವು, ಕೆಂಪು ರಟ್ಟಿನವು. ಗಿರಾಕಿ ಹೆಸರು, ಅದರ ಕೆಳಗೆ ಎದೆ, ಉದ್ದ, ತೋಳು, ಕೊರಳು. ಪಕ್ಕದಲ್ಲಿ ಬಟ್ಟೆಯ ಸಣ್ಣ ತುಂಡೊಂದನ್ನು ಗುಂಡುಪಿನ್ನಿನಿಂದ ಚುಚ್ಚಿರುತ್ತಿದ್ದರು, ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಚುಕ್ಕೆ ಬಿದ್ದಿತ್ತು. ಅದರಲ್ಲಿ ಒಂದು ಪುಟವನ್ನು ಹೆಸರು ಹೇಳದೆ ಓದಿಸಿದೆವು. ‘ಎದಿ 34, ಉದ್ದ 28, ತೋಳು 23, ಎಡಗೈ ಅರ್ಧ ಇಂಚು ಗಿಡ್ಡ. ಮದುವಿ ಅಂಗಿ, ಜಲ್ದಿ ಬೇಕು.’ ಹಿಂದಿನ ಸಾಲಿನಲ್ಲಿ ಬಿಳಿಗಡ್ಡದ ಮುದುಕರೊಬ್ಬರು ಎದ್ದು ನಿಂತು ಎಡಗೈ ಮೇಲೆತ್ತಿದರು. ‘ಮೇರಾಚ್ ಹೈ ವೋ,’ ಅಂದರು. ‘ಎಡಗೈ ಗಿಡ್ಡ ಅದ ಅಂತ ನನ್ನ ಹೆಂಡತಿಗೂ ಗೊತ್ತಿಲ್ಲ, ಮಾಸ್ಟರಿಗೆ ಗೊತ್ತಿತ್ತು.’ ಆಮೇಲೆ ಮಾತಾಡಿ ಅಂತ ಯಾರನ್ನೂ ಕೇಳಬೇಕಾಗಲಿಲ್ಲ.

ಇದರಿಂದ ಇನ್ನೊಂದು ಸೂಚನೆ: ನಮ್ಮ ಊರುಗಳಲ್ಲಿ ಸತ್ತವರ ಗೆಳೆಯರು ಒಂದೇ ಭಾಷೆಯವರಾಗಿರುವುದಿಲ್ಲ. ಕಲಬುರಗಿಯಲ್ಲಿ ದಖನಿ ಉರ್ದು, ಆಳಂದ, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು. ಕನ್ನಡದಲ್ಲೇ ಮಾತಾಡಿ ಎಂದು ಯಾರನ್ನೂ ಇಕ್ಕಟ್ಟಿಗೆ ಸಿಲುಕಿಸಬೇಡಿ.

ಮಾತಾಡುವವರು ಮೂರು ಜನ ಸಾಕು, ಒಬ್ಬೊಬ್ಬರಿಗೆ ಮೂರು ನಿಮಿಷ: ಮನೆಯವರೊಬ್ಬರು, ಕೆಲಸದ ಜೊತೆಗಾರರೊಬ್ಬರು, ಓಣಿಯವರೊಬ್ಬರು. ಒಬ್ಬರಾದರೂ ಹೆಣ್ಣುಮಗಳಿರಲಿ. ರಾಜಕೀಯದವರು ಬಂದಿದ್ದರೆ ನಮಸ್ಕಾರ ಮಾಡಿ ಮುಂದಿನ ಸಾಲಿನಲ್ಲಿ ಕೂಡಿಸಿ. ಮೈಕ್ ಅವರ ಕೈಗೆ ಹೋಯಿತೆಂದರೆ ಸತ್ತವರ ಮಾತು ಅಲ್ಲಿಗೆ ನಿಂತಿತು.

ಹಾಡಿನ ವಿಷಯ. ಇದು ಶರಣರ ನೆಲ, ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ. ಪೂಜೆ ಬೇಡವೆಂದ ಕೂಡಲೇ ‘ಹಂಗಾದ್ರ ವಚನ ಓದೋಣ’ ಅನ್ನುತ್ತಾರೆ, ಕೆಲವರು ಬುದ್ಧವಿಹಾರದ ಭಂತೇಜಿಯವರನ್ನು ಕರೆಯೋಣ ಅನ್ನುತ್ತಾರೆ. ಎರಡೂ ದೊಡ್ಡ ಪರಂಪರೆಗಳೇ, ನನಗೆ ಗೌರವ ಇದೆ. ಆದರೆ ವಚನದಲ್ಲಿ ಕೂಡಲಸಂಗಮನಿದ್ದಾನೆ, ಭಂತೇಜಿ ಹೇಳಿಸುವ ಬೌದ್ಧರ ತ್ರಿಶರಣವೂ ಧಾರ್ಮಿಕ ವಿಧಿಯೇ. ಸತ್ತವರಿಗೆ ವಚನ ಇಷ್ಟವಿತ್ತೇ? ದಿನಾ ಬಾಯಲ್ಲಿ ಆಡುತ್ತಿದ್ದರೇ? ಹೌದಾದರೆ ಧಾರಾಳವಾಗಿ ಓದಿ, ಅದು ಅವರ ಬದುಕಿನ ಭಾಗ. ಖಾಲಿ ಜಾಗ ತುಂಬಲಿಕ್ಕೆ ಮಾತ್ರ ಬೇಡ. ಭಜನಿ ಮೇಳದವರಿಗೂ ಇದನ್ನೇ ಹೇಳಿ, ತತ್ವಪದ ಬೇಕೋ ಬೇಡವೋ ಅಂತ. ಶಹಾಪುರದ ಒಂದು ಮನೆಯಲ್ಲಿ ತೀರಿಕೊಂಡ ಅಜ್ಜಿ ಬೀಸುವ ಪದ ಹಾಡುವುದರಲ್ಲಿ ಊರಿಗೇ ಹೆಸರಾದವರು. ಓಣಿಯ ಹೆಣ್ಣುಮಕ್ಕಳು ಕೂತು ಅವರದೇ ಪದ ಹಾಡಿದರು. ಬೇರೆ ಸಂಗೀತ ಏಕೆ ಬೇಕು?

ಕೊನೆಯಲ್ಲಿ ಕೈಗೆ ಕೆಲಸ. ಎಲ್ಲರೂ ಸಾಲಾಗಿ ಬಂದು ಒಂದೊಂದು ಹೂ ಇಡಲಿ. ದೊಡ್ಡ ಸಾಲು ಇದ್ದರೂ ಅವಸರ ಮಾಡಬೇಡಿ. ಆರತಿ ಹಿಡಿಯಬೇಕಾಗಿದ್ದ ಅತ್ತೆಗೆ ಹೂವಿನ ಬುಟ್ಟಿ ಕೊಟ್ಟು ಬಂದವರಿಗೆಲ್ಲ ಹಂಚಲು ಹೇಳಿ. ಭಾವನಿಗೆ ಹೊರುವವರ ಸರದಿ ನೋಡಿಕೊಳ್ಳುವ ಹೊಣೆ. ಮಕ್ಕಳಿಗೆ ನೀರು ಕೊಡುವ ಕೆಲಸ. ಅಪ್ಪನ ಮೇಲೆ ಹೊದಿಸಿದ್ದು ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಗಳನ್ನು ಕೂಡಿಸಿ ಹೊಲಿದ ಕೌದಿ. ಅಪ್ಪನ ಹತ್ತಿರ ಕಲಿತ ಹುಡುಗರು ರಾತ್ರಿಯೆಲ್ಲ ಅವರ ಮಷೀನಿನ ಮೇಲೆ ಹೊಲಿದಿದ್ದರು. ಆ ಮಷೀನಿನ ಸಪ್ಪಳ ಕೇಳಿಸುತ್ತಿದ್ದದ್ದಕ್ಕೆ ಅವ್ವ ಆ ರಾತ್ರಿ ಸ್ವಲ್ಪ ನಿದ್ದೆ ಮಾಡಿದಳು.

ಕುಣಿಯ ಹತ್ತಿರ ಮಾತು ಕಡಿಮೆ. ಎರಡು ನಿಮಿಷ ಮೌನ, ಒಂದೆರಡು ಸಾಲು. ‘ಅಪ್ಪಾ, ನಿಮ್ಮ ಕೆಲಸ ಚಲೋ ಆಯ್ತು. ನೀವು ಕಲಿಸಿದ್ದು ನಮ್ಮ ಕೈಯಾಗದ.’ ಅಷ್ಟು ಹೇಳಿ ಎಲ್ಲರೂ ಹಿಡಿ ಹಿಡಿ ಮಣ್ಣು ಕೊಡಲಿ. ಮಕ್ಕಳೂ ಕೊಡಲಿ.

ಹೆಂಡತಿಯ ಬಳೆಗೆ ಯಾರೂ ಕೈ ಹಾಕಬಾರದು

ಗಂಡ ಸತ್ತ ಮನೆಯಲ್ಲಿ ಇದನ್ನು ಎಲ್ಲಕ್ಕಿಂತ ಮೊದಲು ಗಟ್ಟಿ ಮಾಡಿಕೊಳ್ಳಬೇಕು. ದೇವರ ಫೋಟೋ ತೆಗೆದಿಟ್ಟಿರುತ್ತಾರೆ, ಅಯ್ಯನವರನ್ನು ಕರೆದಿರುವುದಿಲ್ಲ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ಕೂಡಿ ಬಳೆ ಒಡೆದು, ಕುಂಕುಮ ಒರೆಸಿ, ತಾಳಿ ತೆಗೆದಿರುತ್ತಾರೆ. ಹೊರಗೆ ಗಂಡಸರು ವಿಚಾರವಾದ ಮಾತಾಡುತ್ತ ಕೂತಿರುತ್ತಾರೆ. ಮಗಳೋ ಸೊಸೆಯೋ ಒಬ್ಬಳು ಅವ್ವನ ಪಕ್ಕ ಬಿಟ್ಟುಹೋಗದೆ ಕೂತಿರಲಿ. ಬಂದವರಿಗೆ ಮೆತ್ತಗೆ, ಆದರೆ ಖಡಕ್ಕಾಗಿ ಹೇಳಲಿ: ‘ಅತ್ತಿ, ಆಕಿ ಕೈಗಿ ಯಾರೂ ಮುಟ್ಟಬ್ಯಾಡ್ರಿ. ಏನ್ ಮಾಡ್ಬೇಕು ಆಕಿನೇ ಹೇಳ್ತಾಳ.’

ಅವ್ವನನ್ನು ಕೇಳಿಯೇ ಕೇಳಿ. ನಮ್ಮವ್ವ ದೇವರನ್ನು ನಂಬುವವಳು, ಸೋಮವಾರ ತಪ್ಪದೆ ಶರಣಬಸವೇಶ್ವರ ಗುಡಿಗೆ ಹೋಗುವವಳು. ಬಳೆ, ಕುಂಕುಮ ಇರಲಿ ಅಂದಳು. ತನ್ನ ಕೋಣೆಯಲ್ಲಿ ದೀಪ ಹಚ್ಚಿ ಕೂಡುತ್ತೇನೆ ಅಂದಳು. ಹಚ್ಚಿದೆವು. ಅಪ್ಪನ ಮಾತು ಅಂಗಳದಲ್ಲಿ ನಡೆಯಿತು, ಅವ್ವನ ದೀಪ ಅವಳ ಕೋಣೆಯಲ್ಲಿ ಉರಿಯಿತು. ಕೆಲವು ಗೆಳೆಯರಿಗೆ ಇದು ರಾಜಿಯಂತೆ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಅವಳ ನಂಬಿಕೆಯನ್ನು ಅಪ್ಪ ಬದುಕಿಡೀ ಒಮ್ಮೆಯೂ ತಡೆದವರಲ್ಲ, ಸತ್ತ ದಿನ ಅವರ ಹೆಸರಿನಲ್ಲಿ ನಾವು ತಡೆಯುವುದು ಯಾವ ನ್ಯಾಯ?

ಕುಣಿ ತೋಡುವವರು, ಹಲಗೆ ಬಾರಿಸುವವರು

ಹಳ್ಳಿಗಳಲ್ಲಿ ಸಾವಿನ ಸುದ್ದಿ ಮುಟ್ಟಿಸುವುದು, ಕುಣಿ ತೋಡುವುದು, ಹಲಗೆ ಬಾರಿಸುವುದು ಇವತ್ತಿಗೂ ಒಂದೇ ಕೇರಿಯ ಹೆಗಲಿಗೆ ಬೀಳುತ್ತದೆ. ಕೈಗೆ ನೂರಿನ್ನೂರು ರೂಪಾಯಿ, ಸತ್ತವರ ಹಳೆ ಬಟ್ಟೆ, ಅಂಗಳದ ಹೊರಗೆ ಊಟ. ದೇವರನ್ನು ಬಿಟ್ಟು ಇದನ್ನು ಉಳಿಸಿಕೊಂಡರೆ ನೀವು ಬಿಟ್ಟಿದ್ದಾದರೂ ಏನು? ಸುದ್ದಿಗೆ ಫೋನ್ ಇದೆ. ಕುಣಿಗೆ ಮನೆಯ ಹುಡುಗರೂ ಸಲಿಕೆ ಹಿಡಿಯಲಿ. ಕೂಲಿಯವರನ್ನು ಕರೆದರೆ ಮೊದಲೇ ಮಾತಾಡಿ, ಮನೆ ಕಟ್ಟುವ ಕೆಲಸದ ದಿನಗೂಲಿಗಿಂತ ಕಡಿಮೆಯಾಗದಂತೆ ಕೊಡಿ. ಮೈಕಿನಲ್ಲಿ ಅವರ ಹೆಸರು ಹೇಳಿ ವಂದಿಸಿ, ಎಲ್ಲರ ಪಂಕ್ತಿಯಲ್ಲಿ ಕೂಡಿಸಿ ಉಣಬಡಿಸಿ. ಹಲಗೆ ಬೇಕಾದರೆ ಕಲಾವಿದರನ್ನು ಕರೆಸುವಂತೆ ಕರೆಸಿ.

ನಂತರದ ದಿನಗಳು

ಮೂರನೆಯ ದಿನ, ಐದನೆಯ ದಿನ ಅಂತ ಬೀಗರು ಕೇಳತೊಡಗುತ್ತಾರೆ. ಕುಣಿಯ ಹತ್ತಿರವೇ ಒಂದು ತಾರೀಖು ಹೇಳಿಬಿಡಿ, ಮುಂದಿನ ಯಾವುದಾದರೂ ರವಿವಾರ, ನುಡಿನಮನಕ್ಕೆ. ‘ದಿವಸ ಯಾವಾಗ?’ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ. ಊಟ ಹಾಕಿ, ಜನ ದೂರದಿಂದ ಬಂದಿರುತ್ತಾರೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ಅನ್ನ ಸಾರು. ಸಾಲ ಮಾಡಿ ಮಾತ್ರ ಹಾಕಬೇಡಿ. ದಿವಸದ ಊಟಕ್ಕೆ ಬಡ್ಡಿ ಹಣ ತಂದು ತೊಗರಿ ರಾಶಿ ಬಂದಾಗ ಅದನ್ನೇ ತೀರಿಸುತ್ತ ಕೂತ ಮನೆಗಳನ್ನು ನಾನು ನೋಡಿದ್ದೇನೆ.

ಸುಟ್ಟಿದ್ದರೆ ಬೂದಿಯನ್ನು ಎಲ್ಲಿ ಹಾಕುವುದು ಅಂತ ಕೇಳುತ್ತಾರೆ. ಭೀಮಾ ನದಿಗೇ ಹೋಗಬೇಕೆಂದಿಲ್ಲ. ಹೊಲದಲ್ಲಿ ತೆಳ್ಳಗೆ ಹರಡಬಹುದು. ಸಸಿಯ ಬುಡಕ್ಕೆ ಒಂದೇ ಕಡೆ ಸುರಿಯಬ್ಯಾಡ್ರಿ. ಬೂದಿ ಕ್ಷಾರ, ನಮ್ಮ ಎರಿ ಮಣ್ಣು ಮೊದಲೇ ಕ್ಷಾರ, ಸಸಿ ಸಾಯುತ್ತದೆ. ನೆನಪಿಗೆ ಗಿಡ ನೆಡುವುದಾದರೆ ಮೇ ತಿಂಗಳ ಸಾವಿಗೆ ಮೇ ತಿಂಗಳಲ್ಲೇ ನೆಡಬೇಡಿ, ಒಂದೆರಡು ಮಳೆಯಾಗಲಿ. ಬೇವು, ಹುಣಸೆ ನಮ್ಮ ಭೂಮಿಗೆ ಹೊಂದುತ್ತವೆ. ಮೊದಲ ಎರಡು ಬೇಸಿಗೆ ನೀರು ಹಾಕುವವರು ಯಾರೆಂದು ಹೆಸರು ಹಿಡಿದು ಗೊತ್ತು ಮಾಡಿ.

ಕಲ್ಲು ನಿಲ್ಲಿಸುವವರಿಗೆ ಶಹಾಬಾದಿನ ಫರ್ಸಿ ಕಲ್ಲು ಇಲ್ಲೇ ಸಿಗುತ್ತದೆ. ಹೆಸರು, ಹುಟ್ಟಿದ ವರ್ಷ, ತೀರಿದ ವರ್ಷ, ಕಸುಬು. ಕೆತ್ತುವವರಿಗೆ ಬಾಯಲ್ಲಿ ಹೇಳಬೇಡಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡಿ. ಒತ್ತಕ್ಷರ ತಪ್ಪಿದರೆ ಕಲ್ಲೇ ಬದಲಿಸಬೇಕಾಗುತ್ತದೆ.

ಕಾಗದಪತ್ರ

ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ವಿಳಂಬ ಶುಲ್ಕವಿಲ್ಲ. ಇದು 1969ರ ಜನನ ಮರಣ ನೋಂದಣಿ ಕಾಯ್ದೆಯ ನಿಯಮ. ತಡವಾದಷ್ಟೂ ಶುಲ್ಕ, ಅನುಮತಿ, ಅಲೆದಾಟ ಹೆಚ್ಚು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಆಸ್ಪತ್ರೆಯಲ್ಲಿ ತೀರಿದರೆ ಅವರೇ ಮಾಹಿತಿ ಕಳಿಸುತ್ತಾರೆ, ಮನೆಯಲ್ಲಾದರೆ ನೀವೇ ಹೋಗಬೇಕು. ನಗರದಲ್ಲಿ ಪಾಲಿಕೆ ಅಥವಾ ಪುರಸಭೆ, ಹಳ್ಳಿಯಲ್ಲಿ ಪಂಚಾಯಿತಿಯಲ್ಲಿ ವಿಚಾರಿಸಿ. ಫಾರಂನಲ್ಲಿ ಧರ್ಮದ ಕಾಲಂ ಇದೆ. ಅದು ಅಂಕಿಅಂಶಕ್ಕೆ ಮಾತ್ರ, ಕೈಗೆ ಬರುವ ಪ್ರಮಾಣಪತ್ರದಲ್ಲಿ ಇರುವುದಿಲ್ಲ. ಅದಕ್ಕಾಗಿ ಕೌಂಟರಿನಲ್ಲಿ ನಿಂತು ವಾದ ಮಾಡುತ್ತ ದಿನ ಕಳೆಯಬೇಡಿ. ಹೆಸರು ಮಾತ್ರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ತೆರನಾಗಿದೆಯೇ ನೋಡಿ. ‘ಅಪ್ಪ’, ‘ಪ್ಪ’ ವ್ಯತ್ಯಾಸಕ್ಕೇ ಫೌತಿ ಖಾತೆ (ಸತ್ತವರ ಹೊಲ ವಾರಸುದಾರರ ಹೆಸರಿಗೆ ಮಾಡುವುದು) ನಿಂತುಬಿಡುತ್ತದೆ. ಪ್ರಮಾಣಪತ್ರದ ಪ್ರತಿಗಳನ್ನು ಒಮ್ಮೆಲೇ ಹತ್ತು ತೆಗೆಸಿಡಿ: ಬ್ಯಾಂಕಿಗೆ, ವಿಮೆಗೆ, ಪಿಂಚಣಿಗೆ, ಜೆಸ್ಕಾಂ ಕರೆಂಟ್ ಮೀಟರ್ ಹೆಸರು ಬದಲಿಸಲು, ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ, ಆಮೇಲೆ ಹೊಲದ ಫೌತಿ ಖಾತೆಗೆ. ಈ ಓಡಾಟವನ್ನು ಅವ್ವನ ಮೇಲೆ ಹಾಕಬೇಡಿ, ಆದರೆ ಪ್ರತಿ ಕಾಗದವನ್ನೂ ಅವಳ ಮುಂದೆ ಓದಿ ಹೇಳಿಯೇ ಸಹಿ ಮಾಡಿಸಿ. ಹೊಲದಲ್ಲಿ, ಮನೆಯಲ್ಲಿ ಅವಳಿಗೂ ಪಾಲಿದೆ.